ಕಪ್ಪು ಬಿಳುಪಿನಲ್ಲಿ ನಮ್ಮ ಬೀದರ್

ನಮ್ಮ ಹತ್ತನೇ ತರಗತಿಯ ಗ್ರೂಪ್ ಫೋಟೊ ಇಂದಿಗೂ ಮನೆಯ ಗೋಡೆಯ ಮೇಲಿದೆ. ನಡುವಿನ ಸಾಲಿನಲ್ಲಿ ಕುರ್ಚಿಗಳ ಮೇಲೆ ಮುಖ್ಯ ಗುರುಗಳು ಮತ್ತು ಉಳಿದ ಗುರುಗಳು, ಅವರ ಮುಂದೆ ನೆಲದ ಮೇಲೆ ಕುಳಿತ ಹುಡುಗರು, ಹಿಂದೆ ನಿಂತವರು, ಅವರ ಹಿಂದೆ ಬೆಂಚು ಹತ್ತಿ ನಿಂತ ನಾವು. ಫೋಟೊ ತೆಗೆಯುವವರು "ಇನ್ನೂ ಒತ್ತಿ ನಿಲ್ರಿ, ಇನ್ನೂ ಒತ್ತಿ" ಎನ್ನುತ್ತಿದ್ದುದು ನೆನಪಿದೆ. ಎಲ್ಲರ ಮುಖವೂ ಬಂದಿದೆ. ಬಾರದಿರುವುದು ಶಾಲೆ ಮಾತ್ರ. ತಲೆಗಳ ಮೇಲೆ ಅರ್ಧ ಕಿಟಕಿ, ಒಂದು ಬಾಗಿಲಿನ ಮೇಲ್ತುದಿ ಕಾಣುತ್ತವೆ, ಅಷ್ಟೆ. ಆ ಕಿಟಕಿ ಯಾವ ಕೋಣೆಯದು ಎಂದು ಈಗ ನಾವು ಗೆಳೆಯರು ಸೇರಿದಾಗ ವಾದ ಮಾಡುತ್ತೇವೆ.

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಮೇಲೆ ಏನಾದರೂ ಬರೆದುಕೊಡು ಎಂದು ಗುರುಗಳು ಹೇಳಿದಾಗ ನನಗೆ ಮೊದಲು ನೆನಪಾದದ್ದು ಈ ಫೋಟೊ. ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ನಾನು ಇತಿಹಾಸದ ಪಂಡಿತನಲ್ಲ. ಆದರೆ ಕೆಲವು ವರ್ಷಗಳಿಂದ ಬೀದರ್‌ನ ಹಳೆಯ ಕಪ್ಪು ಬಿಳುಪು ಫೋಟೊಗಳನ್ನು ಹುಡುಕಿ ನೋಡುವ ಅಭ್ಯಾಸ ಬೆಳೆದಿದೆ. ಆ ಫೋಟೊಗಳಲ್ಲಿ ನಮ್ಮ ಗ್ರೂಪ್ ಫೋಟೊದ ತದ್ವಿರುದ್ಧವನ್ನು ಕಂಡೆ. ನಮ್ಮದರಲ್ಲಿ ಜನರಿದ್ದಾರೆ, ಕಟ್ಟಡವಿಲ್ಲ. ಅವುಗಳಲ್ಲಿ ಕಟ್ಟಡವಿದೆ, ಜನರಿಲ್ಲ. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಕನ್ನಡ ನಾಡಿಗೆ ಕ್ಯಾಮೆರಾ ಬಂದ ಬಗೆ

ಫೋಟೊ ತೆಗೆಯುವ ವಿಧಾನ ಜಗತ್ತಿಗೆ ಬಹಿರಂಗವಾದದ್ದು 1839ರಲ್ಲಿ, ಫ್ರಾನ್ಸಿನ ದಗೆರ್ ಎಂಬಾತನಿಂದ. ಹದಿನೈದೇ ವರ್ಷಗಳಲ್ಲಿ ಅದು ನಮ್ಮ ನಾಡಿನ ಗುಡಿಗಳ ಮುಂದೆ ನಿಂತಿತು. 1854ರ ಡಿಸೆಂಬರ್‌ನಲ್ಲಿ ಲಿನೇಯಸ್ ಟ್ರೈಪ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಾಧಿಕಾರಿ ಬೇಲೂರು, ಹಳೇಬೀಡುಗಳಲ್ಲಿ ಫೋಟೊ ತೆಗೆದ. 1856ರ ಸುಮಾರಿಗೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್ ಬಳಸಿ ಹಂಪಿಯನ್ನು ಸೆರೆಹಿಡಿದ. ವಿಜಯಪುರದ ಗುಮ್ಮಟಗಳ ಮತ್ತು ಧಾರವಾಡ, ಮೈಸೂರು ಸೀಮೆಯ ಗುಡಿಗಳ ಫೋಟೊಗಳನ್ನು ಅಂಟಿಸಿದ ಎರಡು ದೊಡ್ಡ ಪುಸ್ತಕಗಳು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅವುಗಳಲ್ಲಿ ಬರೆದವರಲ್ಲಿ ಒಬ್ಬನು ಫಿಲಿಪ್ ಮೆಡೋಸ್ ಟೇಲರ್. ಸುರಪುರದಲ್ಲಿ ಬಹುಕಾಲ ಅಧಿಕಾರಿಯಾಗಿದ್ದ ಈತ ನಮ್ಮ ಭಾಗದವರಿಗೆ ಪರಿಚಿತ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಚಿತ್ರಕಾರರು ಇದ್ದರಲ್ಲ, ಫೋಟೊವೇ ಏಕೆ ಬೇಕಾಯಿತು? ಚಿತ್ರಕಾರನು ತನಗೆ ಚೆಂದ ಕಂಡದ್ದನ್ನು ಬರೆಯುತ್ತಾನೆ, ಬೇಡವಾದದ್ದನ್ನು ಬಿಡುತ್ತಾನೆ. ಕ್ಯಾಮೆರಾ ಎದುರಿಗಿದ್ದ ಬಿರುಕು, ಬಿದ್ದ ಕಲ್ಲು, ಬೆಳೆದ ಗಿಡ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಸರ್ಕಾರಕ್ಕೆ ಬೇಕಾದದ್ದು ಲೆಕ್ಕ. ಯಾವ ಕಟ್ಟಡ ಎಲ್ಲಿದೆ, ಎಷ್ಟು ಉಳಿದಿದೆ ಎಂಬ ಲೆಕ್ಕ. ಫೋಟೊ ಆ ಲೆಕ್ಕದ ಪುಸ್ತಕವಾಯಿತು.

ಹಂಪಿಯ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಜೇಬಿನ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ. ಅದರ ತಲೆ ಚಪ್ಪಟೆ. ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವಿದೆ. ಆ ಶಿಖರ ಆಮೇಲೆ ಹೋಯಿತು. ಆ ಹಳೆಯ ನೆಗೆಟಿವ್‌ಗಳು 1980ರ ಸುಮಾರಿಗೆ ಮತ್ತೆ ಬೆಳಕಿಗೆ ಬಂದವು. 1983ರಲ್ಲಿ ಜಾನ್ ಗಾಲಿಂಗ್ಸ್ ಎಂಬ ಆಸ್ಟ್ರೇಲಿಯದ ಛಾಯಾಗ್ರಾಹಕ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಅದೇ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೊ ತೆಗೆದ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಹೋಯಿತು, ಏನು ಉಳಿಯಿತು ಎಂದು ಯಾರೂ ಹೇಳಿಕೊಡದೆಯೇ ತಿಳಿಯುತ್ತದೆ. ಈ ಮಾತನ್ನು ನೆನಪಿಡಿ, ಕೊನೆಯಲ್ಲಿ ಇದಕ್ಕೇ ಮರಳುತ್ತೇನೆ.

ಬೀದರ್‌ಗೆ ಬಂದ ಎಂಜಿನಿಯರ್

ಬೀದರ್ ಆಗ ಕಂಪನಿಯ ನೇರ ಆಡಳಿತದಲ್ಲಿರಲಿಲ್ಲ, ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿಯ ಸ್ಮಾರಕಗಳ ಮೊದಲ ದೊಡ್ಡ ಸಮೀಕ್ಷೆ ನಡೆದದ್ದು 1875-76ರಲ್ಲಿ. ಪಶ್ಚಿಮ ಭಾರತದ ಪುರಾತತ್ವ ಸಮೀಕ್ಷೆಯ ಮುಖ್ಯಸ್ಥ ಜೇಮ್ಸ್ ಬರ್ಜೆಸ್ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳನ್ನು ಸುತ್ತಿ ಸಿದ್ಧಪಡಿಸಿದ ವರದಿ 1878ರಲ್ಲಿ ಅಚ್ಚಾಯಿತು.

ಅದಾದ ಮೇಲೆ ಬಂದವರು ಲಾಲಾ ದೀನ್ ದಯಾಳ್. ಇವರ ಬದುಕಿನ ಕಥೆ ನನಗೆ ಬಹಳ ಇಷ್ಟ, ಏಕೆಂದರೆ ಇವರೂ ಎಂಜಿನಿಯರಿಂಗ್ ಓದಿದವರು. 1844ರಲ್ಲಿ ಮೀರತ್ ಹತ್ತಿರದ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಕಲಿತು, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ಕಚೇರಿ ಸೇರಿದರು. ಅಲ್ಲಿ ಅವರದು ಅಂದಾಜು ಪಟ್ಟಿ ಮಾಡುವ, ನಕ್ಷೆ ಬರೆಯುವ ಕೆಲಸ. 1874ರ ಸುಮಾರಿಗೆ ಫೋಟೊಗ್ರಫಿ ಹಿಡಿದರು. ಮುಂದೆ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಅವರ ಆಸ್ಥಾನ ಛಾಯಾಗ್ರಾಹಕರಾದರು. 1886ರಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ನಿಜಾಮರು ಅವರಿಗೆ ರಾಜಾ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಎಂದರೆ ಚಿತ್ರ ರಚಿಸುವವನು. ಅವರು ತೀರಿಕೊಂಡದ್ದು 1905ರಲ್ಲಿ. 2006ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ತಂದಿತು.

1880ರ ದಶಕದಲ್ಲಿ ದೀನ್ ದಯಾಳ್ ನಿಜಾಮರ ರಾಜ್ಯದ ಊರುಗಳನ್ನು ಸುತ್ತಿ ತೆಗೆದ ಫೋಟೊಗಳಲ್ಲಿ ಬೀದರ್ ಕೂಡ ಇದೆ. 1892ರ ದಿನಾಂಕವಿರುವ ಆಲ್ಬಮ್ ಒಂದರಲ್ಲಿ ಸೇರಿ ಅವು ವೈಸ್‌ರಾಯ್ ಕರ್ಜನ್‌ನ ಸಂಗ್ರಹಕ್ಕೆ ಹೋದವು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವರ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ.

ದೀನ್ ದಯಾಳರು ತೆಗೆದ ಮಹಮೂದ್ ಗವಾನ್ ಮದರಸಾದ ಫೋಟೊ ನೋಡಿದರೆ ಅವರಲ್ಲಿದ್ದ ಎಂಜಿನಿಯರ್ ಕಾಣುತ್ತಾನೆ. ಇರಾನಿನ ಗಿಲಾನಿನಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ವಿದ್ಯಾಲಯ ಅದು. ಉದ್ದ 205 ಅಡಿ, ಅಗಲ 180 ಅಡಿ, ಮೂರು ಅಂತಸ್ತು. ಮುಂಭಾಗದ ಎರಡು ತುದಿಗಳಲ್ಲಿ ಎರಡು ಮಿನಾರ್‌ಗಳಿದ್ದವು. 1696ರಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಹೊತ್ತಿಕೊಂಡು ಮುಂಭಾಗದ ಅರ್ಧ, ಒಂದು ಮಿನಾರ್ ಹಾರಿಹೋದವು. ಕಟ್ಟಿಸಿದವನ ಗತಿಯೂ ಹಾಗೆಯೇ ಆಗಿತ್ತು. 1481ರಲ್ಲಿ ಸುಳ್ಳು ದೂರು ನಂಬಿ ಸುಲ್ತಾನನು ಗವಾನ್‌ನ ತಲೆ ತೆಗೆಸಿದ್ದ. ಸುಮಾರು 131 ಅಡಿ ಎತ್ತರದ ಮಿನಾರ್ ಒಂದು ಕಡೆ, ಕುಸಿದ ಗೋಡೆ ಇನ್ನೊಂದು ಕಡೆ. ನಾವು ಶಾಲೆಯಿಂದ ಸಾಲಾಗಿ ಹೋಗಿ ನೋಡಿದ ಮದರಸಾ ನೂರಮೂವತ್ತು ವರ್ಷಗಳ ಹಿಂದೆಯೂ ಹೀಗೆಯೇ ಅರ್ಧವಾಗಿ ನಿಂತಿತ್ತು ಎಂದು ಆ ಫೋಟೊ ಸಾಕ್ಷಿ ಹೇಳುತ್ತದೆ.

ಫೋಟೊ ಮುಚ್ಚಿಟ್ಟ ಬಣ್ಣ

ಈಗ ಸ್ವಲ್ಪ ವಿಜ್ಞಾನ. ಕಪ್ಪು ಬಿಳುಪು ಫೋಟೊ ಎಂದರೆ ಬಣ್ಣ ತೆಗೆದ ಫೋಟೊ ಎಂದು ನಾವು ತಿಳಿಯುತ್ತೇವೆ. ಹಳೆಯ ಫೋಟೊಗಳ ವಿಷಯದಲ್ಲಿ ಅದು ಪೂರ್ತಿ ಸರಿಯಲ್ಲ. ಆ ಕಾಲದ ಗಾಜಿನ ಫಲಕಗಳಿಗೆ ಬೆಳ್ಳಿಯ ಲವಣ ಲೇಪಿಸಿರುತ್ತಿದ್ದರು. ಅದು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತದೆ, ಕೆಂಪು ಬೆಳಕಿಗೆ ಸ್ಪಂದಿಸುವುದೇ ಇಲ್ಲ. ಹೀಗಾಗಿ ನೀಲಿ ವಸ್ತು ಫೋಟೊದಲ್ಲಿ ಬೆಳ್ಳಗೆ ಬರುತ್ತದೆ, ಕೆಂಪು ಮತ್ತು ಹಳದಿ ವಸ್ತುಗಳು ಕಪ್ಪಗೆ ಬರುತ್ತವೆ. ಹಳೆಯ ಫೋಟೊಗಳಲ್ಲಿ ಆಕಾಶ ಯಾವಾಗಲೂ ಬಿಳಿ ಹಾಳೆಯಂತೆ ಇರುವುದು ಇದೇ ಕಾರಣಕ್ಕೆ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಫಲಕಕ್ಕೆ ಬಣ್ಣದ ದ್ರಾವಣ ಸೇರಿಸಿ ಹಸಿರು, ಹಳದಿಗೂ ಸ್ಪಂದಿಸುವಂತೆ ಮಾಡುವ ಉಪಾಯ ಕಂಡುಹಿಡಿದ. ಆದರೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಫಲಕ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದದ್ದು 1906ರಲ್ಲಿ.

ಇದನ್ನು ಬೀದರ್‌ಗೆ ಹೊಂದಿಸಿ ನೋಡಿ. ನಮ್ಮ ನೆಲ ಕೆಂಪು, ನಮ್ಮ ಕಲ್ಲು ಕೆಂಪು. ಕೋಟೆಯ ಮೂರು ಸಾಲಿನ ಕಂದಕವನ್ನು ಈ ಕೆಂಪು ಜಂಬಿಟ್ಟಿಗೆ ಬಂಡೆಯಲ್ಲೇ ಕಡಿದಿದ್ದಾರೆ. ಕಟ್ಟಡಗಳ ಮೈಮೇಲಿನ ಹೆಂಚು ನೀಲಿ, ಬಿಳಿ, ಹಸಿರು, ಹಳದಿ. ಮದರಸಾದ ಮಿನಾರ್ ಮೇಲೆ ಆ ಬಣ್ಣದ ಹೆಂಚುಗಳು ಹಾವಿನ ನಡೆಯಂತೆ ಅಂಕುಡೊಂಕಾಗಿ ಸುತ್ತಿವೆ. ಹಳೆಯ ಫಲಕದ ಮೇಲೆ ಕೆಂಪು ಗೋಡೆ ಕರಿ ಗೋಡೆಯಾಗುತ್ತದೆ. ನೀಲಿ ಹೆಂಚು ಮತ್ತು ಬಿಳಿ ಹೆಂಚು ಒಂದೇ ಆಗಿಬಿಡುತ್ತವೆ. ಕಟ್ಟಿದವರು ಯಾವ ಬಣ್ಣಕ್ಕೆ ಎದುರಾಗಿ ಯಾವ ಬಣ್ಣ ಕೂಡಿಸಿದ್ದರೋ ಆ ಲೆಕ್ಕವೇ ತಪ್ಪಿಹೋಗುತ್ತದೆ. ದೂರದ ಊರಿನವರು ಈ ಫೋಟೊ ನೋಡಿ ಬೀದರ್ ಎಂದರೆ ಕಪ್ಪು ಕಲ್ಲಿನ ಹಾಳೂರು ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಅಷ್ಟೂರಿನ ಗುಂಬಜಗಳ ಮಾತೂ ಹಾಗೆಯೇ. ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ತಂದ ಅಹ್ಮದ್ ಷಾ ವಲಿ 1436ರಲ್ಲಿ ತೀರಿಕೊಂಡ. ಅವನ ಗುಂಬಜದ ಒಳಗೆ ಗೋಡೆಯಿಂದ ಮೇಲಿನವರೆಗೂ ಕೆಂಪು, ನೀಲಿ, ಬಂಗಾರದ ಬಣ್ಣಗಳಲ್ಲಿ ಬರೆದ ಹೂಬಳ್ಳಿ ಮತ್ತು ಅಕ್ಷರಗಳಿವೆ. ಕಪ್ಪು ಬಿಳುಪಿನಲ್ಲಿ ಅದರ ಗೆರೆ ಸಿಗುತ್ತದೆ, ಜೀವ ಸಿಗುವುದಿಲ್ಲ.

ಹಾಗೆಂದು ಕಪ್ಪು ಬಿಳುಪು ಕೆಟ್ಟದ್ದು ಎನ್ನಲಾರೆ. ಕೆಲವು ಕಟ್ಟಡಗಳು ಅದಕ್ಕಾಗಿಯೇ ಹುಟ್ಟಿದಂತಿವೆ. ಕೋಟೆಯ ಒಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂಡಿಸಿದ ಕೆಲಸವಿದೆ. ಬರೀದ್ ಷಾಹಿ ಅರಸ ಅಲಿ ಬರೀದನ ಕಾಲದ್ದು. ಕಪ್ಪಿನ ಮೇಲೆ ಹೊಳೆಯುವ ಆ ಬಿಳಿ ಗೆರೆಗಳು ಕಪ್ಪು ಬಿಳುಪು ಫೋಟೊದಲ್ಲಿ ಬಣ್ಣದ ಫೋಟೊಗಿಂತ ಚೆನ್ನಾಗಿ ಕಾಣುತ್ತವೆ. ಸೋಳಾ ಕಂಬ ಮಸೀದಿಯ ದುಂಡು ಕಂಬಗಳ ಸಾಲು, ಅಲ್ಲಿ ಬೀಳುವ ಬಿಸಿಲು ಮತ್ತು ನೆರಳು, ಚೌಬಾರದ 71 ಅಡಿ ಎತ್ತರದ ದುಂಡು ಮೈ, ಇವುಗಳಿಗೂ ಬಣ್ಣ ಬೇಕಿಲ್ಲ. ಕಲ್ಲಿನ ಆಕಾರ ಮತ್ತು ಬೆಳಕು ಸಾಕು.

ಇನ್ನೊಂದು ಮಾತು. ಕಪ್ಪು ಬಿಳುಪು ನಮ್ಮ ಊರಿಗೆ ಕ್ಯಾಮೆರಾ ತಂದುಕೊಟ್ಟದ್ದಲ್ಲ. ಬಿದ್ರಿ ಕಲೆ ನಮ್ಮದೇ. ಸತು ಮತ್ತು ತುಸು ತಾಮ್ರದ ಎರಕ, ಅದರಲ್ಲಿ ಕೂಡಿಸಿದ ಬೆಳ್ಳಿಯ ತಂತಿ, ಕೊನೆಗೆ ನವಸಾಗರದೊಂದಿಗೆ ಬೆರೆಸಿದ ಕೋಟೆಯ ಮಣ್ಣಿನ ಲೇಪ. ಆ ಮಣ್ಣು ತಾಗಿದ ಸತು ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ಉಳಿಯುತ್ತದೆ. ಫೋಟೊದಲ್ಲಿ ಇದು ತಿರುಗುಮುರುಗು. ಅಲ್ಲಿ ಕಪ್ಪಾಗಿ ಕಾಣುವುದೇ ಬೆಳ್ಳಿ. ಬೆಳಕು ಬಿದ್ದಲ್ಲಿ ಬೆಳ್ಳಿಯ ಸಣ್ಣ ಸಣ್ಣ ಕಣಗಳು ಕೂಡಿ ಕಪ್ಪಾಗುತ್ತವೆ. ಎರಡೂ ಬೆಳ್ಳಿಯ ಕೆಲಸವೇ.

ಯಜ್ದಾನಿ ಸಾಹೇಬರ ಪುಸ್ತಕ

ಬೀದರ್‌ನ ಕಟ್ಟಡಗಳಿಗೆ ಕ್ಯಾಮೆರಾದಿಂದ ನಿಜವಾದ ಉಪಯೋಗ ಆದದ್ದು ಇಪ್ಪತ್ತನೇ ಶತಮಾನದಲ್ಲಿ. ಹೈದರಾಬಾದ್ ರಾಜ್ಯವು 1914ರಲ್ಲಿ ತನ್ನದೇ ಪುರಾತತ್ವ ಇಲಾಖೆ ತೆರೆದು ಗುಲಾಂ ಯಜ್ದಾನಿಯವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಸುಮಾರು ಮೂವತ್ತು ವರ್ಷ ಅವರು ಆ ಹುದ್ದೆಯಲ್ಲಿದ್ದರು. ಅಜಂತಾ ಚಿತ್ರಗಳ ದೊಡ್ಡ ಸಂಪುಟಗಳಿಂದ ಅವರ ಹೆಸರು ಜಗತ್ತಿಗೆ ತಿಳಿದಿದೆ. ನಮಗೆ ಅವರು ಬೇಕಾಗುವುದು 1947ರಲ್ಲಿ ಪ್ರಕಟವಾದ ಬೀದರ್ ಇತಿಹಾಸ ಮತ್ತು ಸ್ಮಾರಕಗಳ ಮೇಲಿನ ಪುಸ್ತಕಕ್ಕಾಗಿ. ಒಂದೊಂದು ಬಾಗಿಲು, ಒಂದೊಂದು ಗುಂಬಜ, ಒಂದೊಂದು ಶಾಸನ ಬಿಡದೆ ಅಳತೆ, ನಕ್ಷೆ ಮತ್ತು ಕಪ್ಪು ಬಿಳುಪು ಫೋಟೊಗಳ ಸಮೇತ ಅದರಲ್ಲಿ ದಾಖಲಿಸಿದ್ದಾರೆ. ಬೀದರ್ ಬಗ್ಗೆ ಆಮೇಲೆ ಬರೆದವರೆಲ್ಲ ಆ ಪುಸ್ತಕ ತೆರೆಯದೆ ಮುಂದೆ ಹೋಗಿಲ್ಲ.

ಯಜ್ದಾನಿಯವರ ಕಾಲದ ಫೋಟೊಗಳು ದೀನ್ ದಯಾಳರ ಫೋಟೊಗಳಿಗಿಂತ ಬೇರೆ. ದೀನ್ ದಯಾಳರು ಕಟ್ಟಡದ ಗಾಂಭೀರ್ಯ ನೋಡಿದರು. ಯಜ್ದಾನಿಯವರ ಇಲಾಖೆಗೆ ದುರಸ್ತಿಯ ಕೆಲಸವಿತ್ತು. ಕೋಟೆಯ ಒಳಗಿನ ಮಹಲುಗಳಲ್ಲಿ ತುಂಬಿದ್ದ ಮಣ್ಣು ಕಲ್ಲಿನ ರಾಶಿ ತೆಗೆಯಬೇಕಿತ್ತು, ಬೀಳುವ ಗೋಡೆಗೆ ಆಸರೆ ಕೊಡಬೇಕಿತ್ತು. ದುರಸ್ತಿ ಮಾಡುವವನಿಗೆ ಮೊದಲು ಹೇಗಿತ್ತು ಎಂದು ತಿಳಿಯಬೇಕು. ಇಲ್ಲದಿದ್ದರೆ ಅವನು ಮಾಡಿದ್ದು ದುರಸ್ತಿಯೋ ಹೊಸ ಕಟ್ಟಡವೋ ಎಂದು ಹೇಳಲಾಗದು.

ಒಂದು ಸಲ ಊರಿಗೆ ಬಂದಾಗ ಈ ಹಳೆಯ ಫೋಟೊಗಳನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಅಪ್ಪನಿಗೆ ತೋರಿಸಿದೆ. ಅಪ್ಪ ಜೀವನವಿಡೀ ಗೌಂಡಿ ಕೆಲಸ ಮಾಡಿದವರು. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅರಸರ ಹೆಸರು ಕೇಳಲಿಲ್ಲ. "ತಮ್ಮಾ, ಗ್ವಾಡಿ ಮ್ಯಾಲಿನ ಗಚ್ಚು ಹೋತಂದ್ರ ನೀರು ಒಳಗ ಇಳಿತದ. ನೀರು ಇಳಿದಲ್ಲಿ ಗಿಡ ಹುಟ್ತದ. ಗಿಡದ ಬೇರು ಒಡದಂಗ ಸುತ್ತಿಗಿನೂ ಒಡೆಯಂಗಿಲ್ಲ" ಎಂದರು. ಇಷ್ಟು ದೊಡ್ಡ ಕಟ್ಟಡ ಬೀಳಿಸಲು ಸಿಡಿಲು, ಸಿಡಿಮದ್ದುಗಳೇ ಬೇಕಿಲ್ಲ, ಒಂದು ಆಲದ ಸಸಿ ಸಾಕು ಎಂದು ಅವರಿಂದ ತಿಳಿದೆ. ಆಮೇಲೆ ಕೇಳಿದರು: "ಇದನ್ನ ಕಟ್ಟಿದವರ ಫೋಟೊ ಅದ ಏನು?"

"ಆಗ ಫೋಟೊ ಎಲ್ಲಿತ್ತಪ್ಪಾ" ಎಂದೆ.

"ಹೋಗ್ಲಿ, ರಿಪೇರಿ ಮಾಡಿದವರದು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಫೋಟೊದಲ್ಲಿ ಇಲ್ಲದವರು

ಅಂದಿನಿಂದ ಆ ಫೋಟೊಗಳನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನಾನು ನೋಡಿದ ಹಳೆಯ ಫೋಟೊಗಳಲ್ಲಿ ಗುಂಬಜಗಳಿವೆ, ದರ್ವಾಜಾಗಳಿವೆ, ಮಹಲುಗಳಿವೆ. ಮನುಷ್ಯರು ಅಪರೂಪ. ಇದ್ದರೂ ಕಟ್ಟಡ ಎಷ್ಟು ಎತ್ತರ ಎಂದು ತಿಳಿಯಲು ಅಳತೆಗೋಲಿನಂತೆ ನಿಂತವರು. ಕಲ್ಲು ಹೊತ್ತವರು, ಸುಣ್ಣ ಅರೆದವರು, ಗಚ್ಚು ಬಳಿದವರು, ಗಿಡ ಕಿತ್ತವರು ಅಲ್ಲಿಲ್ಲ. ಅಷ್ಟೂರಿನ ಉರುಸಿಗೆ ಹಿಂದೂ ಮುಸ್ಲಿಂ ಎನ್ನದೆ ಸೇರುವ ಜನ, ಅಹ್ಮದ್ ಷಾನನ್ನು ಅಲ್ಲಮಪ್ರಭು ಎಂದೇ ಭಾವಿಸಿ ಕೈಮುಗಿಯುವ ನಮ್ಮ ಹಳ್ಳಿಗಳ ಭಕ್ತರು ಅಲ್ಲಿಲ್ಲ. ಆ ಗುಂಬಜ ಆರುನೂರು ವರ್ಷ ಉಳಿಯಲು ಸುಣ್ಣ ಕಲ್ಲುಗಳಷ್ಟೇ ಈ ಭಕ್ತಿಯೂ ಕಾರಣ ಎಂದು ನಾನು ನಂಬಿದ್ದೇನೆ.

ತಪ್ಪು ಫೋಟೊ ತೆಗೆದವರದ್ದಲ್ಲ. ಅವರಿಗೆ ಕೊಟ್ಟ ಕೆಲಸವೇ ಅಷ್ಟು. ಫಲಕ ದುಬಾರಿ, ಕ್ಯಾಮೆರಾ ಭಾರ. ಕದಲುವ ಜನ ಫೋಟೊದಲ್ಲಿ ಮಸುಕಾಗುತ್ತಿದ್ದರು, ಕಲ್ಲು ಕದಲುವುದಿಲ್ಲ. ಆದರೆ ಇದರ ಪರಿಣಾಮ ನಮ್ಮ ಮೇಲಾಗಿದೆ. ಯಾವುದರ ಫೋಟೊ ತೆಗೆದರೋ ಅದು ಸ್ಮಾರಕ, ಯಾವುದರ ಫೋಟೊ ಇಲ್ಲವೋ ಅದು ಬರೀ ಹಳೆ ಗೋಡೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕೋಟೆ, ಮದರಸಾಗಳಿಗೆ ಕಾವಲಿದೆ, ಫಲಕವಿದೆ. ಹಳೆ ಊರಿನ ಓಣಿಗಳಲ್ಲಿರುವ ಮನೆಗಳಿಗೆ, ಕೆತ್ತಿದ ಬಾಗಿಲುಗಳಿಗೆ, ಹಳ್ಳಿಗಳ ಅಗಸಿಗಳಿಗೆ, ಬಾವಿಗಳಿಗೆ ಏನೂ ಇಲ್ಲ. ನೌಬಾದ್ ಹತ್ತಿರ ಭೂಮಿಯೊಳಗೆ ಸುರಂಗ ಕೊರೆದು ನೀರು ತಂದ ಕರೇಜ್ ಬಹಮನಿ ಕಾಲದ ಎಂಜಿನಿಯರಿಂಗಿನ ದೊಡ್ಡ ಸಾಧನೆ. ಮೇಲಿನಿಂದ ನೋಡಿದರೆ ಅದು ಬರೀ ಸಾಲು ಬಾವಿಗಳು. ಚೆಂದದ ಫೋಟೊಗೆ ಒದಗದ್ದರಿಂದಲೇ ಏನೋ, ಬಹುಕಾಲ ಅದರ ಕಡೆ ಯಾರೂ ತಿರುಗಿ ನೋಡಲಿಲ್ಲ.

2014ರಲ್ಲಿ ಜಾಗತಿಕ ಸ್ಮಾರಕ ನಿಧಿಯವರು ಅಪಾಯದಲ್ಲಿರುವ, ಗಮನ ಕೊಡಬೇಕಾದ ತಾಣಗಳ ತಮ್ಮ ಪಟ್ಟಿಯಲ್ಲಿ ಬೀದರ್ ಐತಿಹಾಸಿಕ ನಗರವನ್ನು ಸೇರಿಸಿದರು. ಅದೇ ವರ್ಷ ದಖನ್ ಸುಲ್ತಾನರ ಸ್ಮಾರಕಗಳ ಗುಂಪಿನಲ್ಲಿ ಬೀದರ್ ಹೆಸರು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿತು. ಮೊದಲ ಪಟ್ಟಿಯಲ್ಲಿ ಹೇಳಿದ್ದು ಒಂದು ಕಟ್ಟಡವನ್ನಲ್ಲ, ಇಡೀ ನಗರವನ್ನು. ನಗರ ಎಂದರೆ ಕೋಟೆ ಮಾತ್ರವಲ್ಲ, ಅದರ ಸುತ್ತಲಿನ ಓಣಿ, ಮನೆ, ಬಾವಿ, ಜನ. ಈ ಮಾತು ನಾವು ಗಮನಿಸಬೇಕು.

ನಾನು ಕಳೆದುಕೊಂಡದ್ದು

ಇದನ್ನು ಬೇರೆಯವರಿಗೆ ಹೇಳುವ ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಮ್ಮ ಅಜ್ಜಿಯ ಮನೆ ಕಲ್ಲು ಮಣ್ಣಿನದು. ಮುಂದೆ ಕಟ್ಟೆ, ಒಳಗೆ ಕಂಬಗಳ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ, ನೆಲದಡಿ ಜೋಳ ತುಂಬುವ ಹಗೇವು. ನಾನು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಗ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿದರು. ಮಳೆಗಾಲದಲ್ಲಿ ಸೋರುತ್ತಿದ್ದ ಮನೆ, ಕೆಡವಿದ್ದು ತಪ್ಪು ಎನ್ನಲಾರೆ. ಕೆಡವುವ ಮುಂಚಿನ ವಾರ ನಾನು ಕ್ಯಾಮೆರಾ ತಂದು ನೂರಾರು ಫೋಟೊ ತೆಗೆದೆ. ಬಾಗಿಲು, ಕಂಬದ ಬೋದಿಗೆ, ದೀಪದ ಗೂಡು, ಒಂದೂ ಬಿಡಲಿಲ್ಲ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿ ಹಾಕಿಟ್ಟೆ. ಇನ್ನೊಂದು ಪ್ರತಿ ಮಾಡಲಿಲ್ಲ, ಒಂದೂ ಪ್ರಿಂಟ್ ಹಾಕಿಸಲಿಲ್ಲ. ಎರಡು ವರ್ಷದ ನಂತರ ಆ ಡಿಸ್ಕ್ ಕೆಟ್ಟುಹೋಯಿತು.

ದತ್ತಾಂಶ ಕಾಪಾಡುವುದು ಹೇಗೆ ಎಂದು ಇಡೀ ದಿನ ಕೆಲಸ ಮಾಡುವವನು ನಾನು. ದೀನ್ ದಯಾಳರ ಗಾಜು ನೂರಮೂವತ್ತು ವರ್ಷ ಉಳಿಯಿತು, ನನ್ನ ಫೋಟೊ ಎರಡು ವರ್ಷ ಉಳಿಯಲಿಲ್ಲ. ಅಜ್ಜಿ ಈಗಿಲ್ಲ. ಆ ಕಂಬಗಳು ಎಷ್ಟಿದ್ದವು ಎಂದು ಕೇಳಿದರೆ ಅಪ್ಪ ಆರು ಎನ್ನುತ್ತಾರೆ, ಕಾಕಾ ಎಂಟು ಎನ್ನುತ್ತಾರೆ. ತೀರ್ಪು ಹೇಳಲು ಒಂದು ಫೋಟೊ ಇಲ್ಲ.

ಶಾಲೆಯಿಂದ ಆಗಬಹುದಾದ ಕೆಲಸ

ಈ ಸಂಚಿಕೆ ಓದುವ ಗುರುಗಳು, ಹಳೆಯ ವಿದ್ಯಾರ್ಥಿಗಳು, ಊರಿನ ಹಿರಿಯರ ಮುಂದೆ ಒಂದು ಸಣ್ಣ ವಿನಂತಿ ಇಡುತ್ತೇನೆ. ಗಾಲಿಂಗ್ಸ್ ಹಂಪಿಯಲ್ಲಿ ಮಾಡಿದ್ದನ್ನು ನಮ್ಮ ಮಕ್ಕಳು ಬೀದರ್‌ನಲ್ಲಿ, ಚಿದ್ರಿಯಲ್ಲಿ ಮಾಡಲಿ. ಇದಕ್ಕೆ ದೊಡ್ಡ ಕ್ಯಾಮೆರಾ ಬೇಡ, ಮನೆಯಲ್ಲಿರುವ ಮೊಬೈಲ್ ಸಾಕು. ನಾನು ಕಲಿತ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಹಳೆಯ ಫೋಟೊ ತೆಗೆದವರು ನಿಂತ ಜಾಗ ಹುಡುಕಿ ಅಲ್ಲಿಯೇ ನಿಲ್ಲಬೇಕು. ಹಳೆಯ ಫೋಟೊ ಇಲ್ಲದಿದ್ದರೆ ನೀವು ನಿಂತ ಜಾಗವನ್ನು ಬರೆದಿಡಬೇಕು, ಮುಂದಿನವರು ಅಲ್ಲಿಗೇ ಬಂದು ನಿಲ್ಲುತ್ತಾರೆ. ಎರಡನೆಯದು, ಮುಂಜಾನೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆಯಬೇಕು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕೆತ್ತನೆಯೂ ಬಿರುಕೂ ಕಾಣುವುದಿಲ್ಲ. ಮೊಬೈಲನ್ನು ಮೇಲಕ್ಕೆ ಓರೆ ಮಾಡದೆ ನೆಟ್ಟಗೆ ಹಿಡಿದರೆ ಗೋಡೆ ಹಿಂದಕ್ಕೆ ಬಿದ್ದಂತೆ ಕಾಣುವುದಿಲ್ಲ. ಮೂರನೆಯದು, ಬಣ್ಣದಲ್ಲಿಯೇ ತೆಗೆಯಬೇಕು, ಕಪ್ಪು ಬಿಳುಪು ಪ್ರತಿ ಬೇಕಾದರೆ ಆಮೇಲೆ ಮಾಡಿಕೊಳ್ಳಬಹುದು. ಕಪ್ಪು ಬಿಳುಪಿನಿಂದ ಬಣ್ಣ ಮರಳಿ ಬರುವುದಿಲ್ಲ, ಅದನ್ನು ನಮ್ಮ ನೀಲಿ ಹೆಂಚುಗಳು ಕಲಿಸಿವೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಪ್ರತಿ ಫೋಟೊದಲ್ಲಿ ಒಬ್ಬ ಮನುಷ್ಯ ಇರಲಿ, ಅವರ ಒಪ್ಪಿಗೆ ಕೇಳಿ, ಅವರ ಹೆಸರು ಬರೆಯಿರಿ. ಆ ಮನೆಯ ಅಜ್ಜಿ, ಆ ಬಾವಿಯ ನೀರು ಸೇದಿದವರು, ಆ ಗೋಡೆ ಕಟ್ಟಿದ ಗೌಂಡಿ. ಅಪ್ಪ ಕೇಳಿದ ಪ್ರಶ್ನೆಯನ್ನು ಮುಂದೆ ಯಾರಾದರೂ ಕೇಳಿದರೆ ಉತ್ತರ ಸಿಗಬೇಕು.

ಹೀಗೆ ತೆಗೆದ ಫೋಟೊಗಳನ್ನು ಮೊಬೈಲಿನಲ್ಲಿ ಬಿಡಬೇಡಿ. ವರ್ಷಕ್ಕೆ ಇಪ್ಪತ್ತು ಆರಿಸಿ, ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಸ್ಥಳ, ದಿನಾಂಕ, ಹೆಸರು ಬರೆದು ಶಾಲೆಯ ಗ್ರಂಥಾಲಯದಲ್ಲಿ ಒಂದು ಆಲ್ಬಮ್ ಮಾಡಿ ಇಡೋಣ. ಪ್ರತಿಗಳನ್ನು ಎರಡು ಬೇರೆ ಜಾಗಗಳಲ್ಲಿ ಇಡೋಣ. ಪ್ರಿಂಟಿನ ಮತ್ತು ಆಲ್ಬಮ್ಮಿನ ಖರ್ಚನ್ನು ಮೊದಲ ಐದು ವರ್ಷ ನಾನು ಕೊಡುತ್ತೇನೆ. ಆಮೇಲೆ ಬೇರೆ ಬ್ಯಾಚಿನವರು ಮುಂದುವರಿಸುತ್ತಾರೆ ಎಂಬ ಭರವಸೆಯಿದೆ.

ಕೊನೆಯದಾಗಿ, ಸುವರ್ಣ ಮಹೋತ್ಸವದ ದಿನ ನಾವೆಲ್ಲ ಸೇರುತ್ತೇವೆ. ಗ್ರೂಪ್ ಫೋಟೊ ಖಂಡಿತ ಆಗುತ್ತದೆ. ಆ ದಿನ ಫೋಟೊ ತೆಗೆಯುವವರಿಗೆ ಹತ್ತು ಹೆಜ್ಜೆ ಹಿಂದೆ ಹೋಗಿ ನಿಲ್ಲಲು ಹೇಳೋಣ. ಮುಖಗಳು ಸ್ವಲ್ಪ ಸಣ್ಣದಾಗಿ ಬರುತ್ತವೆ, ಪರವಾಗಿಲ್ಲ. ಹಿಂದೆ ಶಾಲೆ ಪೂರ್ತಿ ಬರಲಿ. ಅಡುಗೆಯವರು, ಗಂಟೆ ಹೊಡೆದವರು, ಕೋಣೆಗಳನ್ನು ಕಟ್ಟಿದ ಗೌಂಡಿಗಳು ಊರಲ್ಲಿದ್ದರೆ ಅವರನ್ನೂ ಕರೆದು ಗುರುಗಳ ಸಾಲಿನಲ್ಲಿ ಕುರ್ಚಿ ಕೊಡೋಣ. ಐವತ್ತು ವರ್ಷದ ನಂತರ ಶತಮಾನೋತ್ಸವ ಮಾಡುವ ಮಕ್ಕಳು ಆ ಫೋಟೊ ಹಿಡಿದುಕೊಂಡು ಅದೇ ಜಾಗದಲ್ಲಿ ನಿಲ್ಲಲಿ. ಆ ಕಿಟಕಿ ಯಾವ ಕೋಣೆಯದು ಎಂದು ಅವರು ನಮ್ಮ ಹಾಗೆ ವಾದ ಮಾಡುವ ಪ್ರಸಂಗ ಬರದಿರಲಿ.